ನವಸೈನಿಕರ ದೇಹಶ್ರಮ ಮತ್ತು ಮನಃಸ್ವಾಸ್ಥ್ಯ

ಹದಿನೆಂಟರ ಹರೆಯದ ಹುಡುಗನು ಹೊತ್ತೇರುವವರೆಗೆ ಹಾಸಿಗೆ ಬಿಡದಿದ್ದರೆ, ಹಿರಿಯರಿಗೆ ಎದುರುತ್ತರ ಕೊಡುತ್ತಿದ್ದರೆ, ಅಥವಾ ಏನೋ ಚಿಂತೆ ಹಚ್ಚಿಕೊಂಡು ಮಂಕಾಗಿ ಕುಳಿತಿದ್ದರೆ, ನಮ್ಮ ಕಡೆ ಒಂದು ಮಾತು ಸಿದ್ಧವಾಗಿರುತ್ತದೆ: “ಮಿಲಿಟರಿಗೆ ಹಾಕ್ರಿ, ತಾನ ಸರಿ ಆಗ್ತಾನ.” ಬೆಳಗಾವಿಯಂತಹ ಊರಿನಲ್ಲಿ ಈ ಮಾತಿಗೆ ವಿಶೇಷವಾದ ಬಲವುಂಟು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವು ಒಂದು ಶತಮಾನದಿಂದ ಇಲ್ಲಿಯೇ ಇದೆ. ಸಾಂಬ್ರಾದಲ್ಲಿ ವಾಯುಸೇನೆಯ ತರಬೇತಿ ಶಾಲೆಯಿದೆ. ಕ್ಯಾಂಪ್ ಭಾಗದ ರಸ್ತೆಗಳಲ್ಲಿ ಬೆಳಗಿನ ಜಾವ ಸಾಲುಗಟ್ಟಿ ಓಡುವ ಹುಡುಗರನ್ನು ಕಾಣುತ್ತಲೇ ಬೆಳೆದವರು ನಾವು. ಆ ಕಾಲುಗಳ ಒಂದೇ ತಾಳವನ್ನು ದೂರದಿಂದ ಕೇಳಿದವರಿಗೆ, ದೇಹವನ್ನು ಚೆನ್ನಾಗಿ ದಣಿಸಿದರೆ ಮನಸ್ಸು ತಾನಾಗಿ ತಿಳಿಯಾಗುತ್ತದೆ ಎಂಬ ನಂಬಿಕೆ ಬಾರದೆ ಇರದು.

ಈ ನಂಬಿಕೆಯಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ವಿಚಾರಿಸಬೇಕೆಂಬ ಇಚ್ಛೆ ನನಗೆ ಕೆಲವು ವರ್ಷಗಳಿಂದ ಇದೆ. ನಾನು ವೈದ್ಯನೂ ಅಲ್ಲ, ಸೈನಿಕನೂ ಅಲ್ಲ. ರವಿವಾರ ಪೇಟೆಯಲ್ಲಿ ನಲವತ್ತು ವರ್ಷ ಬೆಲ್ಲ ಮತ್ತು ಧಾನ್ಯದ ವ್ಯಾಪಾರ ಮಾಡಿದವನು. ಬಿ.ಕಾಂ. ಓದಿದ್ದರ ಫಲವಾಗಿ, ಯಾರು ಯಾವ ಲಾಭದ ಮಾತು ಹೇಳಿದರೂ ಎದುರು ಪುಟದಲ್ಲಿ ಖರ್ಚು ಎಷ್ಟೆಂದು ನೋಡುವ ಅಭ್ಯಾಸವೊಂದು ಉಳಿದುಕೊಂಡಿದೆ. ಅಹಿಂಸೆಯನ್ನು ಪರಮಧರ್ಮವೆಂದು ಭಾವಿಸುವ ನಮ್ಮ ಪತ್ರಿಕೆಯಲ್ಲಿ ಸೈನ್ಯದ ಮಾತೇಕೆ ಎಂದು ಕೆಲವು ಧರ್ಮಬಂಧುಗಳು ಕೇಳಬಹುದು. ಹತ್ತನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನೆಂಬುದನ್ನು ನೆನಪಿಸಿ ನಾನು ಮುಂದೆ ಸಾಗುತ್ತೇನೆ. ಮೇಲಾಗಿ ಇಲ್ಲಿ ಬರುವುದು ರಣರಂಗವನ್ನು ಇನ್ನೂ ಕಾಣದ, ಮೀಸೆ ಈಗಷ್ಟೇ ಮೂಡುತ್ತಿರುವ ಹುಡುಗರ ಮೊದಲ ಕೆಲವು ತಿಂಗಳುಗಳ ವಿಚಾರ. ಜನರು ಇವರನ್ನು ರಂಗರೂಟರು ಎಂದು ಕರೆಯುತ್ತಾರೆ.

ಮೊದಲು ಜಮಾ ಪುಟವನ್ನು ನೋಡೋಣ. ವಿಲಿಯಂ ಮೆಕ್‌ನೀಲ್ ಎಂಬ ಅಮೆರಿಕದ ಇತಿಹಾಸಕಾರರು ತರುಣರಾಗಿದ್ದಾಗ, 1941ರಲ್ಲಿ, ಕಡ್ಡಾಯ ಭರ್ತಿಯಲ್ಲಿ ಸೈನ್ಯ ಸೇರಿ ಟೆಕ್ಸಾಸ್ ಪ್ರಾಂತ್ಯದಲ್ಲಿ ತರಬೇತಿ ಪಡೆದರು. ಅವರ ದಳಕ್ಕೆ ಕಲಿಯಲು ಸಾಕಷ್ಟು ತೋಪುಗಳೇ ಇರಲಿಲ್ಲವಾದ್ದರಿಂದ ಹೊತ್ತು ಕಳೆಯಲೆಂದು ಬಯಲಿನಲ್ಲಿ ಗಂಟೆಗಟ್ಟಲೆ ಕವಾಯತು ಮಾಡಿಸುತ್ತಿದ್ದರು. ಉಪಯೋಗವಿಲ್ಲದ ಆ ಕಾಲ್ನಡಿಗೆಯಿಂದ ಬೇಸರ ಹುಟ್ಟಬೇಕಾಗಿತ್ತು. ಬದಲಾಗಿ, ತಾವು ತಮಗಿಂತ ದೊಡ್ಡದೊಂದರಲ್ಲಿ ಸೇರಿಹೋದಂತಹ ಹಿಗ್ಗು ಅವರಿಗೆ ಉಂಟಾಯಿತು. ಅರ್ಧ ಶತಮಾನ ಆ ಹಿಗ್ಗನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದು, 1995ರಲ್ಲಿ ಅದರ ಕಾರಣವನ್ನು ಶೋಧಿಸಿ ಒಂದು ಗ್ರಂಥವನ್ನೇ ಬರೆದರು. ಜನರು ಒಟ್ಟಾಗಿ ತಾಳಬದ್ಧವಾಗಿ ಕೈಕಾಲು ಆಡಿಸಿದಾಗ ಅವರ ನಡುವೆ ಮಾತಿಲ್ಲದೆಯೇ ಒಂದು ಬಂಧುತ್ವ ಬೆಳೆಯುತ್ತದೆ, ಹಳ್ಳಿಯ ಕುಣಿತಕ್ಕೂ ಸೈನ್ಯದ ಕವಾಯತಿಗೂ ಇದೇ ಮೂಲ ಎಂಬುದು ಅವರ ವಾದದ ಸಾರ. ಲೇಜಿಮ್ ಮೇಳವನ್ನೂ ಡೊಳ್ಳಿನ ಕುಣಿತವನ್ನೂ ನೋಡಿದ ನಮ್ಮ ಭಾಗದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮನೆ ಬಿಟ್ಟು ಬಂದ ಹುಡುಗನಿಗೆ ಈ ಬಂಧುತ್ವವೇ ಮೊದಲ ಔಷಧ. ಅದರ ಜೊತೆಗೆ ಗಾಢನಿದ್ರೆ, ಹೊತ್ತಿಗೆ ಸರಿಯಾಗಿ ಹಸಿವು, ನಿನ್ನೆ ಹತ್ತಲಾಗದ ಹಗ್ಗವನ್ನು ಇಂದು ಹತ್ತಿದೆನೆಂಬ ಭರವಸೆ. ಕ್ರಮವಾದ ವ್ಯಾಯಾಮದಿಂದ ಖಿನ್ನತೆಯೂ ಉದ್ವೇಗವೂ ತಕ್ಕಮಟ್ಟಿಗೆ ಇಳಿಯುತ್ತವೆ ಎಂಬುದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪಿದೆ. ಹಿರಿಯರ ಮಾತು ಬರಿಯ ಹಳೆಯ ರೂಢಿಯ ಮಾತಲ್ಲ.

ಆದರೆ ಯಾವ ವ್ಯಾಯಾಮ, ಯಾರಿಗೆ, ಎಷ್ಟು ಎಂಬ ಪ್ರಶ್ನೆಯನ್ನು ಸೈನ್ಯಗಳು ಬಹಳ ತಡವಾಗಿ ಕೇಳಿಕೊಂಡವು. 1860ರಲ್ಲಿ ಬ್ರಿಟಿಷ್ ಸೈನ್ಯವು ಹವಾಲ್ದಾರ ದರ್ಜೆಯ ಹನ್ನೆರಡು ಜನರನ್ನು ಆಕ್ಸ್‌ಫರ್ಡಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಆರ್ಚಿಬಾಲ್ಡ್ ಮ್ಯಾಕ್ಲಾರೆನ್ ಎಂಬವರ ಬಳಿಗೆ ಕಳುಹಿಸಿತು. ಆ ಹನ್ನೆರಡು ಜನರಲ್ಲಿ ವಯಸ್ಸೂ ಒಂದೇ ಆಗಿರಲಿಲ್ಲ, ಎತ್ತರವೂ ಒಂದೇ ಆಗಿರಲಿಲ್ಲ. ಮ್ಯಾಕ್ಲಾರೆನ್ ಪ್ರತಿಯೊಬ್ಬನ ಎದೆ ತೋಳುಗಳನ್ನು ಅಳೆದು ಬರೆದಿಟ್ಟು, ಹಗುರದಿಂದ ಆರಂಭಿಸಿ ಶ್ರಮವನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋಗಿ, ಕೊನೆಗೆ ಮತ್ತೆ ಅಳೆದರು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಅವರ ಪದ್ಧತಿಯ ಜೀವಾಳ. ವ್ಯಾಪಾರಿಯಾದ ನನಗೆ ಆ ಅಳತೆಯ ಪುಸ್ತಕದ ಮೇಲೆ ಸಹಜವಾಗಿಯೇ ಪ್ರೀತಿ.

ಮನಸ್ಸಿಗೂ ಶ್ರಮಕ್ಕೂ ಇರುವ ಸಂಬಂಧವನ್ನು ಇನ್ನೂ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಮೊದಲನೆಯ ಮಹಾಯುದ್ಧ. ಆ ಕಾಲದಲ್ಲಿ ಬ್ರಿಟಿಷ್ ಸೈನ್ಯದ ಸಹಸ್ರಾರು ತರುಣರು ಎದೆ ಡವಗುಟ್ಟುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ, ತಲೆ ಸುತ್ತುತ್ತದೆ, ಎಡಗಡೆ ಎದೆ ನೋಯುತ್ತದೆ ಎಂದು ಆಸ್ಪತ್ರೆ ಸೇರತೊಡಗಿದರು. ಹೃದಯವನ್ನು ಪರೀಕ್ಷಿಸಿದರೆ ರೋಗವೇ ಕಾಣುತ್ತಿರಲಿಲ್ಲ. ಇಂತಹದೇ ಸ್ಥಿತಿಯನ್ನು ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಂಡು ಡಾ. ಡ ಕೋಸ್ಟಾ ಎಂಬವರು 1871ರಲ್ಲಿಯೇ ವಿವರವಾಗಿ ಬರೆದಿದ್ದರು. ಆದರೂ ರೂಢಿಯಲ್ಲಿದ್ದ ಚಿಕಿತ್ಸೆ ಹಾಸಿಗೆಯೊಂದೇ: ತಿಂಗಳುಗಟ್ಟಲೆ ಮಲಗಿಸುವುದು. ಮಲಗಿದ ಹುಡುಗನು ದಿನವೂ ತನ್ನ ನಾಡಿಯನ್ನೇ ಎಣಿಸುತ್ತ, ನನ್ನ ಹೃದಯ ಕೆಟ್ಟಿದೆ ಎಂಬ ನಿಶ್ಚಯಕ್ಕೆ ಬಂದುಬಿಡುತ್ತಿದ್ದನು.

1916ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಇಂತಹವರಿಗಾಗಿಯೇ ಒಂದು ಸೈನಿಕ ಹೃದಯ ಆಸ್ಪತ್ರೆ ತೆರೆಯಿತು. ಮರುವರ್ಷ ಅದು ಕೋಲ್‌ಚೆಸ್ಟರ್‌ಗೆ ಹೋಯಿತು. ಅಲ್ಲಿಯ ಡಾ. ಥಾಮಸ್ ಲೂಯಿಸ್ ರೂಢಿಗೆ ವಿರುದ್ಧವಾದ ದಾರಿ ಹಿಡಿದರು. ಹೃದ್ರೋಗಿ ಎಂಬ ಹಣೆಪಟ್ಟಿಯನ್ನು ತೆಗೆದರು, ಹಾಸಿಗೆಯಿಂದ ಎಬ್ಬಿಸಿದರು, ಶ್ರೇಣಿಬದ್ಧವಾದ ವ್ಯಾಯಾಮ ಕೊಟ್ಟರು. ಮೊದಲು ಕೆಲವೇ ನಿಮಿಷ ಕೈಕಾಲು ಆಡಿಸುವುದು. ಅದು ಸಲೀಸಾದರೆ ಮುಂದಿನ ವರ್ಗ. ಆಗದಿದ್ದರೆ ಅಲ್ಲಿಯೇ ನಿಲ್ಲುವುದು. ಹೀಗೆ ಮೆಟ್ಟಿಲು ಹತ್ತಿದವರು ಪುನಃ ಕರ್ತವ್ಯಕ್ಕೆ ಮರಳಿದರು. ಹತ್ತಲಾರದವರನ್ನು ಹಗುರವಾದ ಕೆಲಸಕ್ಕೆ ಅಥವಾ ಮನೆಗೆ ಕಳುಹಿಸಿದರು. ಈ ಅನುಭವವನ್ನೆಲ್ಲ ಅವರು 1918ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಅವರಲ್ಲಿಗೆ ಬಂದ ಅನೇಕರಿಗೆ ಈ ಬಾಧೆ ಸೈನ್ಯ ಸೇರುವ ಮೊದಲೇ ಇತ್ತೆಂಬುದು ಗಮನಿಸಬೇಕಾದ ಅಂಶ. ಸೈನ್ಯದ ಶ್ರಮವು ಅದನ್ನು ಹುಟ್ಟಿಸಿರಲಿಲ್ಲ. ಮುಚ್ಚಿಟ್ಟುದನ್ನು ಬಯಲಿಗೆ ತಂದಿತ್ತು. “ಮಿಲಿಟರಿಗೆ ಹಾಕ್ರಿ” ಎನ್ನುವ ನಮ್ಮ ಹಿರಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಲೂಯಿಸ್ ಅವರ ಆಸ್ಪತ್ರೆಯಲ್ಲಿ ಗುಣ ತಂದದ್ದು ವ್ಯಾಯಾಮವೊಂದೇ ಎಂದು ನನಗೆ ತೋರುವುದಿಲ್ಲ. ಪ್ರತಿ ಮೆಟ್ಟಿಲಿನಲ್ಲಿಯೂ ಒಬ್ಬ ವೈದ್ಯನು ನಿಂತು ನೋಡುತ್ತಿದ್ದನು. ಆಗದು ಎಂದವನಿಗೆ ಕೆಳಗಿಳಿಯುವ ದಾರಿಯೂ ಇತ್ತು. ಇವೆರಡನ್ನೂ ತೆಗೆದುಬಿಟ್ಟರೆ ಉಳಿಯುವ ಶ್ರಮದಿಂದ ಅದೇ ಫಲ ಬರುವುದೆಂದು ಹೇಳಲು ಧೈರ್ಯ ಸಾಲದು.

ಇನ್ನು ಎದುರು ಪುಟ. ದೂರದ ನಡಿಗೆಯ ನಂತರ ಸೈನಿಕರ ಪಾದ ಬಾತುಕೊಂಡು ನೋಯುವುದನ್ನು ಪ್ರಷ್ಯದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿ ದಾಖಲಿಸಿದರು. ಅದು ಎಲುಬಿನ ಸೂಕ್ಷ್ಮ ಬಿರುಕೆಂದು ತಿಳಿದದ್ದು ಎಕ್ಸ್-ಕಿರಣಗಳು ಬಂದ ಮೇಲೆ. ಹೊಸ ಭಾರ ಬಿದ್ದಾಗ ನಮ್ಮ ಎಲುಬು ಮೊದಲು ತನ್ನ ಹಳೆಯ ಅಂಶವನ್ನು ಕರಗಿಸಿ, ನಂತರ ಗಟ್ಟಿಯಾದ ಹೊಸ ಅಂಶವನ್ನು ಕಟ್ಟಿಕೊಳ್ಳುತ್ತದೆ. ನಡುವಿನ ಕೆಲವು ವಾರ ಅದು ಮೊದಲಿಗಿಂತಲೂ ದುರ್ಬಲ. ಗೋದಾಮಿನ ಗೋಡೆಯನ್ನು ಕೆಡವಿ ಕಟ್ಟುತ್ತಿರುವಾಗಲೇ ಚೀಲಗಳನ್ನು ಸೂರಿನವರೆಗೆ ಒಟ್ಟಿದರೆ ಏನಾಗುವುದೋ, ತರಬೇತಿಯ ಆರಂಭದ ವಾರಗಳಲ್ಲಿ ಹುಡುಗರ ಕಾಲಿಗೆ ಅದೇ ಆಗುತ್ತದೆ. ಹುಡುಗಿಯರಲ್ಲಿ ಇಂತಹ ಬಿರುಕು ಇನ್ನೂ ಹೆಚ್ಚು. 2023ರಲ್ಲಿ ಸಾಂಬ್ರಾದಲ್ಲಿ ತರುಣಿಯರೂ ಅಗ್ನಿವೀರವಾಯು ತರಬೇತಿ ಮುಗಿಸಿ ಹೊರಬಂದಿರುವುದರಿಂದ ಅದನ್ನೂ ಹೇಳಬೇಕಾಯಿತು.

ಇಸ್ರೇಲಿನ ಸೈನ್ಯವು ಈ ಬಿರುಕನ್ನು ತಡೆಯಲು ಇಪ್ಪತ್ತೈದು ವರ್ಷ ನಾನಾ ಉಪಾಯ ಮಾಡಿತು. ಅದರ ವೈದ್ಯರು 2008ರಲ್ಲಿ ಪ್ರಕಟಿಸಿದ ವರದಿಯಂತೆ, ಒಟ್ಟು ನಡಿಗೆಯನ್ನು ಕಡಿಮೆ ಮಾಡಿ, ರಾತ್ರಿ ಕನಿಷ್ಠ 6 ತಾಸು ನಿದ್ರೆಯನ್ನು ನಿಯಮ ಮಾಡಿದಾಗ ಬಿರುಕುಗಳ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಎಲುಬು ಮುರಿಯದಿರಲು ಕಣ್ಣು ಮುಚ್ಚಬೇಕು! ಶ್ರಮ ಖರ್ಚಿನ ಬಾಬತ್ತು. ಜಮಾ ಆಗುವುದು ನಿದ್ರೆಯಲ್ಲಿ. ಮನಸ್ಸಿಗೂ ಇದೇ ನಿಯಮ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಮಾರ್ಗನ್ ಮತ್ತು ಸಂಗಡಿಗರು ಈಜುಗಾರರನ್ನು ಹತ್ತು ವರ್ಷ ಗಮನಿಸಿ 1987ರಲ್ಲಿ ಬರೆದರು: ಅಭ್ಯಾಸದ ಹೊರೆ ಏರಿದಂತೆಲ್ಲ ಅವರ ಚಿತ್ತ ಕೆಡುತ್ತ, ಸಿಟ್ಟು, ಖಿನ್ನತೆ, ದಣಿವು ಹೆಚ್ಚುತ್ತ ಹೋದವು, ಹೊರೆ ಇಳಿಸಿದಾಗ ಚಿತ್ತವೂ ತಿಳಿಯಾಯಿತು. ಇವರು ತಾವೇ ಬಯಸಿ ಬಂದ, ಹೊಟ್ಟೆತುಂಬ ಉಂಡ ಆಟಗಾರರು. ಖಿನ್ನತೆಯನ್ನು ತಗ್ಗಿಸುವ ಔಷಧವೇ ಮಾತ್ರೆ ಮೀರಿದಾಗ ಖಿನ್ನತೆಯನ್ನು ತರುತ್ತದೆ. ಆ ಅವಸ್ಥೆಯ ಹುಡುಗನಿಗೆ “ಇನ್ನೂ ನಾಲ್ಕು ಸುತ್ತು ಓಡು” ಎಂದು ಹೇಳುವುದು ಎಂತಹ ಉಪಚಾರ?

(ಸಸ್ಯಾಹಾರಿಯಾದವನಿಗೆ ಈ ಶ್ರಮ ಸಾಧ್ಯವೇ ಎಂದು ನಮ್ಮವರಲ್ಲಿ ಕೇಳುವವರುಂಟು. ನಮ್ಮ ಸೈನ್ಯದಲ್ಲಿ ಸಸ್ಯಾಹಾರಿಗಳಿಗೆ ಪ್ರತ್ಯೇಕ ಪಡಿತರವಿದೆ. ಹಾಲು, ಬೇಳೆಕಾಳು, ಸೊಪ್ಪು ಹೊಟ್ಟೆತುಂಬ ಸಿಕ್ಕರೆ ಚಿಂತಿಸಬೇಕಾಗಿಲ್ಲ. ನಿದ್ರೆಯ ಪಡಿತರವನ್ನು ಕುರಿತು ಯಾರೂ ಕೇಳುವುದಿಲ್ಲವೆಂಬುದೇ ನನ್ನ ಆಶ್ಚರ್ಯ.)

ಪುಸ್ತಕದ ಮಾತು ಸಾಕು. ನಮ್ಮ ಅಂಗಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಚೀಲ ಹೊರುವ ಹಮಾಲರೊಬ್ಬರ ಮಗನು 2023ರಲ್ಲಿ ಅಗ್ನಿವೀರನಾಗಿ ಭರ್ತಿಯಾದನು. ತರಬೇತಿ ಕೇಂದ್ರ ಬೇರೆ ರಾಜ್ಯದಲ್ಲಿತ್ತು. ಎರಡನೆಯ ತಿಂಗಳಿನಲ್ಲಿ ಒಂದು ಸಂಜೆ ಆ ತಂದೆ ಲೆಕ್ಕದ ಮೇಜಿನ ಬಳಿ ಬಂದು ನಿಂತು ಹೇಳಿದರು: “ಸಾವ್ಕಾರ್ರ, ಹುಡುಗ ಫೋನಿನ್ಯಾಗ ಬರೇ ಹೂಂ ಅಂತಾನ್ರಿ. ಮೊದಲಿನಂಗ ಮಾತಾಡವಲ್ಲ. ಇನ್ನಷ್ಟು ಓಡು, ಮೈ ದಣೀಲಿ, ಚಿಂತಿ ಹೋಗತೈತಿ ಅಂತ ಹೇಳ್ಲೇನ್ರಿ?” ಹಾಗೆ ಹೇಳುವ ಮೊದಲು ಎಷ್ಟು ತಾಸು ಮಲಗುತ್ತಾನೆ, ಊಟ ಸೇರುತ್ತದೆಯೇ, ಮೈಯಲ್ಲಿ ಎಲ್ಲಿಯಾದರೂ ನೋವಿದೆಯೇ ಎಂದು ಕೇಳಿರೆಂದು ನಾನು ಸೂಚಿಸಿದೆನು. ಹುಡುಗನ ಕೈಗೆ ಫೋನು ಸಿಗುತ್ತಿದ್ದುದು ಭಾನುವಾರ ಮಾತ್ರ. ಆ ಭಾನುವಾರ ತಂದೆ ನಮ್ಮ ಅಂಗಡಿಯಲ್ಲಿಯೇ ಕುಳಿತು ಮಾತನಾಡಿದರು.

ಮೊದಲಿಗೆ ಎಲ್ಲಕ್ಕೂ ‘ಛಲೋ’ ಎಂಬುದೇ ಉತ್ತರ. ನೋವಿನ ಮಾತು ಕೇಳಿದೊಡನೆ ಆ ಕಡೆ ಮೌನವಾಯಿತು. ಮೂರು ವಾರಗಳಿಂದ ಮೊಣಕಾಲಿನ ಕೆಳಗಿನ ಎಲುಬು ನೋಯುತ್ತಿತ್ತು. ಬಟ್ಟೆ ಬಿಗಿದುಕೊಂಡು ಓಡುತ್ತಿದ್ದನು. ಓಟದಲ್ಲಿ ಹಿಂದೆ ಬಿದ್ದುದಕ್ಕೆ ಉಸ್ತಾದನೊಬ್ಬನು ಕಾಮಚೋರನೆಂದು ಬೈದು, ಸಂಜೆ ಮೇಲಿಂದ ರಗಡಾ ಕೊಡುತ್ತಿದ್ದನು. ಪಹರೆ, ಬೂಟಿನ ಪಾಲಿಶು, ಬಟ್ಟೆಯ ಇಸ್ತ್ರಿ ಎಲ್ಲ ಮುಗಿದು ನಿದ್ರೆ ನಾಲ್ಕೂವರೆ ತಾಸು. ವೈದ್ಯರಿಗೆ ತೋರಿಸಿದರೆ ಹಿಂದಿನ ತಂಡಕ್ಕೆ ತಳ್ಳುತ್ತಾರೆ, ಊರಿನಲ್ಲಿ ಮುಖ ತೋರಿಸುವುದು ಹೇಗೆ ಎಂಬ ಭಯ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರಾಡಿದ ಮಾತನ್ನು ನಾನು ಯಾವ ಶಾಸ್ತ್ರದಲ್ಲಿಯೂ ಓದಿಲ್ಲ: “ಎಲುಬು ಮುರದ್ರ ಚೀಲಾ ಹೊರಾಕೂ ಬರಂಗಿಲ್ಲ, ಬಂದೂಕಾ ಹೊರಾಕೂ ಬರಂಗಿಲ್ಲ. ನಾಳೆ ಡಾಕ್ಟರ ಕಡೆ ಹೋಗು. ಊರಾಗ ನಾ ಹೇಳ್ತೀನಿ.” ಹುಡುಗನು ಹೋದನು. ಎಲುಬಿನಲ್ಲಿ ಕೂದಲೆಳೆಯ ಬಿರುಕಿತ್ತು. ಆರು ವಾರ ವಿಶ್ರಾಂತಿಯಾಯಿತು, ಹಿಂದಿನ ತಂಡಕ್ಕೂ ಸೇರಿಸಿದರು. ಕೆಲವು ತಿಂಗಳು ತಡವಾಗಿ ಕಸಂ ಪರೇಡ್ ಮುಗಿಸಿ ರಜೆಗೆ ಬಂದಾಗ ಅವನು ನನಗೆ ಹೇಳಿದ ಒಂದು ಸಂಗತಿ ಮನಸ್ಸಿನಲ್ಲಿ ನಿಂತಿದೆ. ಆಸ್ಪತ್ರೆಯ ಆ ಕೋಣೆಯಲ್ಲಿ ಅದೇ ಬಿರುಕಿನ ಇನ್ನೂ ನಾಲ್ಕು ಜನರಿದ್ದರಂತೆ. ಅವರನ್ನು ಕಂಡ ರಾತ್ರಿಯೇ ತನಗೆ ಮೊದಲ ಸಲ ಸರಿಯಾಗಿ ನಿದ್ರೆ ಬಂದಿತೆಂದನು.

ಈ ಹುಡುಗನು ತಾನೇ ಬಯಸಿ ಹೋದವನು. ವರ್ಷಗಟ್ಟಲೆ ತಾನಾಗಿ ಓಡಿದವನು. ಅದೇ ಕಾಲು, ಅದೇ ಓಟ. ಊರಿನಲ್ಲಿ ಹಿಗ್ಗು ಕೊಟ್ಟದ್ದು ಅಲ್ಲಿ ಮಂಕು ಕವಿಸಿತು. ಏಕೆ? ಇಲ್ಲಿ ನನಗೆ ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯಲ್ಲಿ ಬರುವ ಒಂದು ಸೂಕ್ಷ್ಮ ವಿವೇಚನೆ ಸಹಾಯಕ್ಕೆ ಬರುತ್ತದೆ. ಬಾಹ್ಯ ತಪಸ್ಸುಗಳಲ್ಲಿ ಕೊನೆಯದಾದ ಕಾಯಕ್ಲೇಶಕ್ಕೂ ಪರೀಷಹಕ್ಕೂ ವ್ಯತ್ಯಾಸವೇನೆಂದು ವಿಚಾರಿಸುತ್ತ, ತಾನಾಗಿ ಬಂದೊದಗಿದ ಕಷ್ಟವು ಪರೀಷಹವೆಂದೂ ತಾನೇ ಕೈಗೊಂಡ ಕಷ್ಟವು ಕಾಯಕ್ಲೇಶವೆಂದೂ ಆಚಾರ್ಯರು ತಿಳಿಸುತ್ತಾರೆ. ಬಿಸಿಲು ಎರಡರಲ್ಲಿಯೂ ಒಂದೇ, ನೋವೂ ಒಂದೇ. ಅದನ್ನು ಎದುರಿಸುವ ಚಿತ್ತದ ನಿಲುವು ಬೇರೆ. ತಾನೇ ಕೈಗೊಂಡ ಶ್ರಮಕ್ಕೂ ಷೋಡಶ ಭಾವನೆಗಳಲ್ಲಿ ‘ಶಕ್ತಿತಃ’ ಎಂಬ ಕಟ್ಟು ಇದೆ: ಶಕ್ತಿಯನ್ನು ಬಚ್ಚಿಡಲೂ ಬಾರದು, ಮೀರಲೂ ಬಾರದು. ನವಸೈನಿಕನು ಭರ್ತಿಯ ದಿನ ಕಾಯಕ್ಲೇಶವನ್ನು ಕೈಗೊಂಡವನಂತೆ ಹೋಗುತ್ತಾನೆ. ಒಳಗೆ ಹೋದ ಮೇಲೆ ಅವನಿಗೆ ಎದುರಾಗುವುದರಲ್ಲಿ ಬಹುಪಾಲು ಪರೀಷಹ. ಬೈಗುಳಕ್ಕೆ ಶಾಸ್ತ್ರದಲ್ಲಿ ಆಕ್ರೋಶ ಪರೀಷಹವೆಂಬ ಹೆಸರೇ ಇದೆ. ಅದನ್ನು ಸಮಚಿತ್ತದಿಂದ ಸಹಿಸಬೇಕೆಂದು ಹೇಳಿರುವುದು ವರ್ಷಾನುಗಟ್ಟಲೆ ಸಾಧನೆ ಮಾಡಿದ ಮುನಿಗಳಿಗೆ. ಹದಿನೆಂಟರ ಬಾಲಕನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಶ್ರಮವನ್ನು ಶಿಕ್ಷೆಯಾಗಿ ಬಳಸುವ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾಗಿದೆ. ಅದಕ್ಕೆ ಕಾರಣ ಈ ಎರಡು ಘಟನೆಗಳು. 1956ರ ಏಪ್ರಿಲ್ 8ರಂದು ಅಮೆರಿಕದ ಪ್ಯಾರಿಸ್ ಐಲೆಂಡ್ ತರಬೇತಿ ಕೇಂದ್ರದಲ್ಲಿ ಒಬ್ಬ ಶಿಕ್ಷಕನು ತನ್ನ ತಂಡದವರಿಗೆ ಶಿಸ್ತು ಕಲಿಸಬೇಕೆಂದು ರಾತ್ರಿಯ ಕತ್ತಲೆಯಲ್ಲಿ ಅವರನ್ನು ರಿಬ್ಬನ್ ಕ್ರೀಕ್ ಎಂಬ ಜವುಗಿನ ಹಳ್ಳಕ್ಕೆ ಇಳಿಸಿದನು. ಆರು ಜನ ಹುಡುಗರು ಮುಳುಗಿ ಸತ್ತರು. ವಿಚಾರಣೆಯಲ್ಲಿ ಆ ಶಿಕ್ಷಕನ ಪಕ್ಷದವರು ಇಂತಹ ನಡಿಗೆ ಅಲ್ಲಿ ಹೊಸದೇನೂ ಅಲ್ಲವೆಂದೇ ವಾದಿಸಿದರು. ಅರುವತ್ತೆಂಟು ವರ್ಷಗಳ ನಂತರ, 2024ರ ಮೇ ತಿಂಗಳಲ್ಲಿ, ದಕ್ಷಿಣ ಕೊರಿಯದ ಇಂಜೆ ಎಂಬಲ್ಲಿ, ಹಿಂದಿನ ರಾತ್ರಿ ಮಾತನಾಡುತ್ತಿದ್ದರೆಂಬ ಕಾರಣಕ್ಕೆ ಆರು ಜನ ನವಸೈನಿಕರಿಗೆ ಪೂರ್ಣ ಹೊರೆ ಹೊರಿಸಿ ಬಿಸಿಲಿನಲ್ಲಿ ಓಡಿಸಿದರು. ಹೊರೆ ಹೊತ್ತು ಓಡಿಸಬಾರದೆಂದು ಅವರ ನಿಯಮದಲ್ಲಿಯೇ ಇತ್ತು. ಒಬ್ಬನು ಕುಸಿದು ಬಿದ್ದು ಎರಡು ದಿನಗಳಲ್ಲಿ ತೀರಿಕೊಂಡನು. ಆದೇಶ ಕೊಟ್ಟ ಅಧಿಕಾರಿಗಳಿಗೆ 2025ರಲ್ಲಿ ನ್ಯಾಯಾಲಯ ಕಾರಾಗೃಹವಾಸ ವಿಧಿಸಿತು. ನಿದ್ರೆಗೆಟ್ಟು ಪಿಸುಮಾತಾಡಿದ ಹುಡುಗರ ಮನಸ್ಸಿನಲ್ಲಿ ಏನಿತ್ತೆಂದು ಆ ರಾತ್ರಿ ಯಾರಾದರೂ ಕೇಳಿದ್ದರೇ? ಸಾವು ಅಪರೂಪ, ನಿಜ. ಆದರೆ ಓಟವನ್ನೇ ದಂಡನೆ ಮಾಡಿದ ದಿನದಿಂದ ಓಟವು ಹುಡುಗನ ಪಾಲಿಗೆ ಔಷಧವಾಗಿ ಉಳಿಯುವುದಿಲ್ಲ. ಮಗುವಿಗೆ ಬೆತ್ತದ ಜೊತೆ ಹಾಲು ಕುಡಿಸಿದರೆ ಅದು ಹಾಲನ್ನೇ ದ್ವೇಷಿಸುತ್ತದೆ.

ಮನಸ್ಸಿನ ಕ್ಲೇಶವೆಲ್ಲ ಒಂದೇ ಬಗೆಯದಲ್ಲವೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ತತ್ತ್ವಾರ್ಥಸೂತ್ರದಲ್ಲಿ ಆರ್ತಧ್ಯಾನವನ್ನು ನಾಲ್ಕು ವಿಧವಾಗಿ ಹೇಳಿದೆ. ಪ್ರಿಯವಾದುದರ ಅಗಲಿಕೆಯಿಂದ ಆಗುವುದು ಒಂದು. ಮನೆಯ ನೆನಪಿನಿಂದ ಕೊರಗುವ ಹುಡುಗನಿಗೆ ಇದು. ಇದನ್ನು ಒಟ್ಟಾಗಿ ಮಾಡುವ ಕವಾಯತು ಬಹಳ ಮಟ್ಟಿಗೆ ನೀಗಿಸುತ್ತದೆ. ಅಪ್ರಿಯವಾದುದರ ಸಹವಾಸದಿಂದ ಆಗುವುದು ಇನ್ನೊಂದು. ಪಕ್ಕದ ಮಂಚದವನು ಪೀಡಿಸುತ್ತಿದ್ದರೆ, ಉಸ್ತಾದನು ಹಗೆ ಸಾಧಿಸುತ್ತಿದ್ದರೆ, ಎಷ್ಟು ಮೈಲು ಓಡಿದರೂ ಓಟ ಮುಗಿಸಿ ಬರುವುದು ಅದೇ ಬ್ಯಾರಕಿಗೆ. ವೇದನೆಯಿಂದ ಆಗುವುದಕ್ಕೆ ಬೇಕಾದದ್ದು ವೈದ್ಯ. ನಾಲ್ಕನೆಯದು ನಿದಾನ, ಮುಂದೆ ದೊರೆಯಬೇಕಾದುದರ ಹಂಬಲ. ಇಂದಿನ ನಮ್ಮ ಹುಡುಗರ ವಿಷಯದಲ್ಲಿ ಇದೇ ಎಲ್ಲಕ್ಕಿಂತ ಭಾರವೆಂದು ನನಗೆ ತೋರುತ್ತದೆ.

ಅಗ್ನಿಪಥ ಯೋಜನೆ ಪ್ರಕಟವಾದದ್ದು 2022ರ ಜೂನ್ 14ರಂದು. ಹದಿನೇಳೂವರೆಯಿಂದ ಇಪ್ಪತ್ತೊಂದು ವಯಸ್ಸಿನವರು ನಾಲ್ಕು ವರ್ಷ ಸೇವೆ ಸಲ್ಲಿಸಬೇಕು, ಅವರಲ್ಲಿ ಶೇ. 25ರವರೆಗೆ ಮಾತ್ರ ಮುಂದುವರಿಯುತ್ತಾರೆ, ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿಯೊಡನೆ ಮನೆಗೆ ಮರಳುತ್ತಾರೆ ಎಂಬುದು ಅಂದು ಸಾರಿದ ಕ್ರಮ. ಅದರ ರಾಜಕೀಯ ಚರ್ಚೆ ನನಗೆ ಬೇಡ. ಮನಸ್ಸಿನ ಲೆಕ್ಕ ಮಾತ್ರ ನೋಡುತ್ತೇನೆ. ಪ್ರತಿ ಓಟವೂ ಅಂಕ ತರುವ ಪರೀಕ್ಷೆಯಾದರೆ, ಪಕ್ಕದಲ್ಲಿ ಓಡುವವನು ಗೆಳೆಯನೂ ಹೌದು, ನಾಲ್ವರಲ್ಲಿ ಒಂದೇ ಇರುವ ಆ ಸ್ಥಾನಕ್ಕೆ ಎದುರಾಳಿಯೂ ಹೌದು. ಮೆಕ್‌ನೀಲ್ ಕಂಡ ಬಂಧುತ್ವ ಎಷ್ಟು ಕಾಲ ಬಾಳೀತು? ಭರ್ತಿಯ ಮೊದಲಿನ ಸ್ಥಿತಿಯೂ ಹೀಗೆಯೇ. ಅಂದಿನ ಭರ್ತಿ ಮೇಳಗಳಲ್ಲಿ 1.6 ಕಿ.ಮೀ. ದೂರವನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವನಿಗೆ 60 ಅಂಕ. ಚಿಕ್ಕೋಡಿ, ಗೋಕಾಕ, ಹುಕ್ಕೇರಿ ಕಡೆಯ ಡಾಂಬರು ರಸ್ತೆಗಳಲ್ಲಿ ನಸುಕಿನಲ್ಲಿ ಓಡುವ ಹುಡುಗರಿಗೆ ಈ ಅಂಕಿಗಳು ಬಾಯಿಪಾಠ. ವಯೋಮಿತಿ ಮೀರಿದ ಮರುದಿನ ಅವರಲ್ಲಿ ಅನೇಕರು ಬೂಟನ್ನು ಅಟ್ಟಕ್ಕೆ ಎಸೆದುಬಿಡುತ್ತಾರೆ. ಮೂರು ನಾಲ್ಕು ವರ್ಷ ಮನಸ್ಸನ್ನು ಹಿಡಿದು ನಿಲ್ಲಿಸಿದ್ದ ಆಧಾರವು ಒಂದೇ ದಿನದಲ್ಲಿ ಹೋಗುತ್ತದೆ, ಅದೂ ಅತ್ಯಂತ ಅಗತ್ಯವಿರುವ ಗಳಿಗೆಯಲ್ಲಿ. ಸೋತ ಹುಡುಗನಿಗೆ “ಓಡುವುದನ್ನು ಬಿಡಬೇಡ” ಎಂದು ಹೇಳುವವರನ್ನು ನಾನು ಹೆಚ್ಚು ಕಂಡಿಲ್ಲ.

ಸರ್ಕಾರವು ಏನೂ ಮಾಡಿಲ್ಲವೆಂದು ಹೇಳಲಾಗದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮಾರ್ಗದರ್ಶಿ. 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಸೈನಿಕರಿಗೂ ಅವರ ಮನೆಯವರಿಗೂ ಪುಣೆಯಲ್ಲಿ ಪ್ರತ್ಯೇಕ ವಿಭಾಗವೊಂದು 2023ರ ಡಿಸೆಂಬರ್ 1ರಂದು ತೆರೆಯಿತು. ಆದರೆ ಫೋನು ಕೈಗೆ ಸಿಗದ ಮೊದಲ ತಿಂಗಳುಗಳಲ್ಲಿ ಹುಡುಗನು ಕರೆ ಮಾಡುವನೆಂದು ಕಾಯುವಂತಿಲ್ಲ. ಮನಸ್ಸಿನ ಮಾತನ್ನು ಹೇಳಿದರೆ ದಾಖಲೆಯಲ್ಲಿ ಉಳಿಯುತ್ತದೆ, ನಾಳೆ ತೊಂದರೆಯಾಗುತ್ತದೆ ಎಂಬ ಭಯವೂ ಸಣ್ಣದಲ್ಲ. ಈ ಕಾರಣದಿಂದ ಮನೆಯವರ ಭಾನುವಾರದ ಹತ್ತು ನಿಮಿಷಗಳಿಗೆ ಬೆಲೆ ಬರುತ್ತದೆ. ಆ ಹತ್ತು ನಿಮಿಷ ನೆಂಟರ ಮದುವೆ, ಹೊಲದ ವಾಜ್ಯ, ತಂಗಿಯ ಫೀಸು ಇವುಗಳಲ್ಲಿಯೇ ಮುಗಿದುಹೋಗುವುದನ್ನು ನಾನು ಕಂಡಿದ್ದೇನೆ.

ನಮ್ಮ ಬಸದಿಯ ಹಿಂಭಾಗದಲ್ಲಿ ಟ್ರಸ್ಟಿಗೆ ಸೇರಿದ ಒಂದು ಖಾಲಿ ಜಾಗವಿದೆ. ಭರ್ತಿಗೆ ಸಿದ್ಧರಾಗುವ ಹತ್ತು ಹನ್ನೆರಡು ಹುಡುಗರು, ನಮ್ಮವರೂ ಬೇರೆ ಸಮಾಜದವರೂ, ಅಲ್ಲಿ ಬೆಳಿಗ್ಗೆ ಬರುತ್ತಾರೆ. ಡಾಂಬರಿನ ಮೇಲೆ ಓಡಿ ಕಾಲು ಕೆಡಿಸಿಕೊಳ್ಳುವ ಬದಲು ಇಲ್ಲಿಯೇ ಮಣ್ಣು ಹಾಕಿಸಿ ಓಡುವ ದಾರಿ ಮಾಡಿಕೊಡೋಣ, ಕುಡಿಯುವ ನೀರಿನ ನಲ್ಲಿ ಹಾಕಿಸೋಣ, ಭರ್ತಿಯಾಗದೆ ಉಳಿದವರೂ ಬರಲಿ ಎಂದು ಕಳೆದ ಸಭೆಯಲ್ಲಿ ನಾನು ಸೂಚನೆ ಮಂಡಿಸಿದೆನು. ನಿವೃತ್ತ ಸುಭೇದಾರರೊಬ್ಬರು ಭಾನುವಾರ ಬಂದು ಹುಡುಗರೊಡನೆ ಕುಳಿತು ಮಾತನಾಡಲು ಒಪ್ಪಿದ್ದಾರೆ. ಟ್ರಸ್ಟಿಗಳಲ್ಲಿ ಹಿರಿಯರೊಬ್ಬರು, ಸೈನಿಕರನ್ನು ತಯಾರಿಸುವುದು ಬಸದಿಯ ಕೆಲಸವೇ, ಟ್ರಸ್ಟ್ ಪತ್ರದಲ್ಲಿ ಇದಕ್ಕೆ ಅವಕಾಶವೆಲ್ಲಿದೆ ಎಂದು ಕೇಳಿದರು. ಅವರ ಪ್ರಶ್ನೆ ಯೋಗ್ಯವಾದದ್ದೇ. ಪತ್ರದಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಿಗೆ ಮಾತ್ರ ಖರ್ಚು ಮಾಡಬಹುದೆಂದಿದೆ. ಚರ್ಚೆಯಾದ ಮೇಲೆ ಮಣ್ಣಿಗೂ ನಲ್ಲಿಗೂ ಒಪ್ಪಿಗೆ ಸಿಕ್ಕಿತು. ಲೆಕ್ಕ ಬರೆಯುವ ಕೆಲಸ ನನ್ನದಾದ್ದರಿಂದ ಎರಡನ್ನೂ ಔಷಧದಾನದ ಖಾತೆಗೆ ಖರ್ಚು ಹಾಕಿದ್ದೇನೆ. ಲೆಕ್ಕ ತಪಾಸಣಿಗರು ಇನ್ನೂ ಬಂದಿಲ್ಲ.